ಹನ್ನೊಂದನೆಯ ಪ್ರಶ್ನೆ

ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಊರಿನಲ್ಲಿ ಒದಗಿಬರುವ ಕೆಲಸಗಳು ಬಗೆಬಗೆಯವು. ಮದುವೆಯ ಕರೆಯೋಲೆಯ ಒಕ್ಕಣೆಯನ್ನು ತಿದ್ದಿಕೊಡುವುದರಿಂದ ಹಿಡಿದು ವರ್ಗವಾಗಿ ಹೋಗುವ ತಹಸೀಲ್ದಾರರಿಗೆ ಬಿನ್ನವತ್ತಳೆ ರಚಿಸುವವರೆಗೆ ಎಲ್ಲವೂ ನನ್ನ ಪಾಲಿಗೆ ಬಂದಿವೆ. ಯಾವುದಕ್ಕೂ ಸಂಭಾವನೆ ಇಲ್ಲ; ಒಂದು ಲೋಟ ಕಾಫಿ, ‘ನಿಮ್ಮಂಥವರಿಂದಲೇ ಕನ್ನಡ ಉಳಿದಿದೆ ಸಾರ್’ ಎಂಬ ಒಂದು ಮಾತು, ಇಷ್ಟೇ. ಆದರೆ ಕಳೆದ ಮಳೆಗಾಲದಲ್ಲಿ ಬಂದ ಕೆಲಸದಂಥದು ಹಿಂದೆಂದೂ ಬಂದಿರಲಿಲ್ಲ.

ಅದನ್ನು ತಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಪಿ.ಯು.ಸಿ.ಯಲ್ಲಿ ನನ್ನ ಪಾಠ ಕೇಳಿದವಳು; ಮುಂದೆ ನರ್ಸಿಂಗ್ ಓದಿ, ಅದರಲ್ಲೇ ಎಂ.ಎಸ್‌ಸಿ. ಮುಗಿಸಿ, ಈಗ ಜಿಲ್ಲಾ ಕೇಂದ್ರದ ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಾಳೆ. ನೆನೆದ ಕೊಡೆಯನ್ನು ಜಗುಲಿಯಲ್ಲಿಟ್ಟು, ಪ್ಲಾಸ್ಟಿಕ್ ಚೀಲದೊಳಗಿಂದ ನಾಲ್ಕು ಹಾಳೆಗಳನ್ನು ತೆಗೆದು ನನ್ನ ಮುಂದಿಟ್ಟಳು.

“ಇದನ್ನ ಕನ್ನಡಕ್ಕೆ ಮಾಡಿಕೊಡಬೇಕು ಸಾರ್. ಇಪ್ಪತ್ತನಾಲ್ಕೇ ವಾಕ್ಯ.”

ಹೆರಿಗೆ ಮಾಡಿಸುವ ದಾದಿಯರೂ ವೈದ್ಯರೂ ಎಷ್ಟರಮಟ್ಟಿಗೆ ಕೂಡಿ ಕೆಲಸ ಮಾಡುತ್ತಾರೆ ಎಂಬುದನ್ನು ಅಳೆಯುವ ಪ್ರಶ್ನಾವಳಿ ಅದು. ‘ಅಳೆಯುವುದು’ ಎಂಬ ಮಾತು ಕೇಳಿ ನನಗೆ ನಗು ಬಂತು. ಅಕ್ಕಿಯನ್ನು ಸೇರಿನಲ್ಲಿ ಅಳೆಯಬಹುದು, ಬಟ್ಟೆಯನ್ನು ಗಜದಲ್ಲಿ ಅಳೆಯಬಹುದು. ಇಬ್ಬರು ಮನುಷ್ಯರ ನಡುವಣ ಹೊಂದಿಕೆಯನ್ನು ಯಾವ ಪಾತ್ರೆಯಲ್ಲಿ ಸುರಿದು ಅಳೆಯುವುದು? ಹಾಗೆಂದೇ ಕೇಳಿದೆ. ಅವಳು ನಗಲಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಜೆಫರ್ಸನ್ ವೈದ್ಯಕೀಯ ಕಾಲೇಜಿನವರು 1990ರ ದಶಕದಲ್ಲಿ ಇಂಥದೊಂದು ಮಾಪಕವನ್ನು ಹದಿನೈದು ವಾಕ್ಯಗಳಲ್ಲಿ ರಚಿಸಿದರಂತೆ. ಪ್ರತಿ ವಾಕ್ಯದ ಮುಂದೆ ನಾಲ್ಕು ಮೆಟ್ಟಿಲು: ಪೂರ್ಣವಾಗಿ ಒಪ್ಪುವುದರಿಂದ ಸುತರಾಂ ಒಪ್ಪದಿರುವುದರವರೆಗೆ. ಗುರುತು ಹಾಕಿದ್ದನ್ನೆಲ್ಲ ಕೂಡಿದರೆ ಒಂದು ಮೊತ್ತ ಬರುತ್ತದೆ. ಆ ಮಾಪಕವನ್ನು ಅಮೆರಿಕ, ಇಸ್ರೇಲ್, ಇಟಲಿ, ಮೆಕ್ಸಿಕೊ, ಈ ನಾಲ್ಕು ದೇಶಗಳಲ್ಲಿ ಹಿಡಿದು ನೋಡಿದಾಗ, ನಾಲ್ಕರಲ್ಲಿಯೂ ದಾದಿಯರ ಮೊತ್ತ ವೈದ್ಯರ ಮೊತ್ತಕ್ಕಿಂತ ಹೆಚ್ಚಾಗಿತ್ತಂತೆ. ಅಂದರೆ, ಕೂಡಿ ಕೆಲಸ ಮಾಡಬೇಕೆಂಬ ಆಸೆ ಕೈಕೆಳಗಿನವರಲ್ಲಿ ಹೆಚ್ಚು, ಮೇಲಿನವರಲ್ಲಿ ಕಡಿಮೆ. ಇದನ್ನು ತಿಳಿಯುವುದಕ್ಕೆ ನಾಲ್ಕು ದೇಶ ಸುತ್ತಬೇಕಾಗಿತ್ತೇ ಎಂದು ನನಗನ್ನಿಸಿತು. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕುಳಿತಿದ್ದರೆ ಸಾಕಾಗುತ್ತಿತ್ತು.

ಅವಳ ಪ್ರಶ್ನಾವಳಿ ಆ ಜಾತಿಗೇ ಸೇರಿದ್ದು. ನಮ್ಮ ಆಸ್ಪತ್ರೆಗಳ ರೀತಿಗೆ ತಕ್ಕಂತೆ ಅವಳೇ ಹೊಸದಾಗಿ ರಚಿಸಿದ್ದು. ಒಂದು ವಾರದಲ್ಲಿ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟೆ. ಎರಡು ತಿಂಗಳಾಯಿತು.

ತೊಡಕು ಮೊದಲನೆಯ ಪದದಿಂದಲೇ ಆರಂಭವಾಯಿತು. ಇಂಗ್ಲಿಷಿನ ‘ಮಿಡ್‌ವೈಫ್’ ಎಂಬುದಕ್ಕೆ ನಮ್ಮಲ್ಲಿ ಸೊಗಸಾದ ಪದವಿದೆ, ಸೂಲಗಿತ್ತಿ. ಸೂಲು ಎಂದರೆ ಹೆರಿಗೆ. ‘ಗಿತ್ತಿ’ ಎಂಬುದು ಮದುವಣಗಿತ್ತಿ, ಹೂವಾಡಗಿತ್ತಿ ಎಂಬಲ್ಲಿ ಬರುವ ಪ್ರತ್ಯಯ. ಇಂಗ್ಲಿಷಿನ ಪದಕ್ಕೆ ಹಳೆಯ ಅರ್ಥ ‘ಹೆಂಗಸಿನ ಜೊತೆಗಿರುವವಳು’ ಎಂದು. ಲ್ಯಾಟಿನ್ನಿನಲ್ಲಿ ಅದೇ ಕಸುಬಿನವಳಿಗೆ ‘ಎದುರು ನಿಲ್ಲುವವಳು’ ಎಂದು ಹೆಸರು. ಒಬ್ಬಳು ಪಕ್ಕದಲ್ಲಿ, ಒಬ್ಬಳು ಎದುರಿನಲ್ಲಿ; ನಮ್ಮವಳು ಮಾತ್ರ ಸೂಲಿನೊಡನೆಯೇ ಒಂದಾಗಿಬಿಟ್ಟಿದ್ದಾಳೆ. ಇಷ್ಟನ್ನೆಲ್ಲ ಉತ್ಸಾಹದಿಂದ ವಿವರಿಸಿದರೆ ನನ್ನ ವಿದ್ಯಾರ್ಥಿನಿ ತಲೆಯಾಡಿಸಿದಳು.

“ಬೇಡ ಸಾರ್. ಸೂಲಗಿತ್ತಿ ಅಂದರೆ ನಮ್ಮ ಸಿಸ್ಟರುಗಳು ಹಾಳೆಯನ್ನೇ ಹರಿದುಹಾಕ್ತಾರೆ. ಅದು ಹಳ್ಳಿಯ ಅಜ್ಜಿಯರಿಗೆ ಹೇಳೋ ಮಾತು ಅಂತಾರೆ.”

ಇದು ವಿಚಿತ್ರವಾದ ಸಂಗತಿ. ನಮ್ಮ ದಾದಿಯರು ಓದುವ ಡಿಪ್ಲೊಮಾದ ಹೆಸರಿನಲ್ಲಿಯೇ ನರ್ಸಿಂಗ್ ಜೊತೆಗೆ ಮಿಡ್‌ವೈಫರಿ ಎಂಬುದು ಸೇರಿದೆ. ಅವರ ನೋಂದಣಿಯೂ ಎರಡು ಹೆಸರಿನಲ್ಲಿ ಆಗುತ್ತದೆ. ಆದರೂ ಆ ಎರಡನೆಯ ಹೆಸರನ್ನು ಯಾರೂ ಕರೆಯುವುದಿಲ್ಲ, ಅವರೂ ಹೇಳಿಕೊಳ್ಳುವುದಿಲ್ಲ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹೊಸ ಮಾರ್ಗಸೂಚಿಯೊಂದನ್ನು ಹೊರಡಿಸಿ, ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ಶಿಕ್ಷಣ ಕೊಟ್ಟು, ಸಹಜ ಹೆರಿಗೆಗಳನ್ನು ಅವರ ಹೊಣೆಗೇ ಬಿಡುವ ಏರ್ಪಾಡನ್ನು ವಿಧಿಸಿತು. ನೆರೆಯ ತೆಲಂಗಾಣ ಅದಕ್ಕೆ ಒಂದು ವರ್ಷ ಮೊದಲೇ ಅಂಥ ಶಿಕ್ಷಣವನ್ನು ಆರಂಭಿಸಿತ್ತು. ಅಂಥವಳಿಗೆ ಕನ್ನಡದಲ್ಲಿ ಏನೆನ್ನಬೇಕು? ಕಡೆಗೆ ‘ಹೆರಿಗೆ ದಾದಿ’ ಎಂದು ಬರೆದೆ. ಒಪ್ಪಿದಳು, ನನಗೆ ಒಪ್ಪಿಗೆಯಾಗಲಿಲ್ಲ.

‘ಕೊಲಾಬರೇಷನ್’ ಇನ್ನೂ ಕಷ್ಟಕ್ಕೆ ಹಾಕಿತು. ಸಹಕಾರ ಎಂದರೆ ನಮ್ಮ ಜನಕ್ಕೆ ಸೊಸೈಟಿಯ ಸೀಮೆಎಣ್ಣೆ ನೆನಪಿಗೆ ಬರುತ್ತದೆ. ಸಹಯೋಗ ಎಂದರೆ ಉಚಿತ ನೇತ್ರ ತಪಾಸಣಾ ಶಿಬಿರದ ಕರಪತ್ರ. ಹೊಂದಾಣಿಕೆ ಎಂದರೆ ಗಂಡಹೆಂಡಿರ ಜಗಳ ಬಿಡಿಸಲು ಬಂದ ಸೋದರಮಾವನ ಮಾತು. ‘ಕೂಡಿ ಕೆಲಸ ಮಾಡುವುದು’ ಎಂದೇ ಇಟ್ಟೆ. ಉದ್ದವಾಯಿತು, ಆದರೆ ಅದರಲ್ಲಿ ಸುಳ್ಳಿಲ್ಲ.

ಬರೆಯುತ್ತ ಬರೆಯುತ್ತ ನನ್ನ ಅಜ್ಜಿ ನೆನಪಾದಳು. ನಮ್ಮ ಅಜ್ಜಿ, ತಂದೆಯ ತಾಯಿ, ಊರಿನ ಸೂಲಗಿತ್ತಿ. ಸರಕಾರದವರು ತರಬೇತಿ ಕೊಟ್ಟು ಒಂದು ಅಲ್ಯೂಮಿನಿಯಮ್ ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಕತ್ತರಿ, ದಾರ, ಸಾಬೂನು. ನಾನು ಚಿಕ್ಕವನಿದ್ದಾಗ ಆ ಪೆಟ್ಟಿಗೆಯಲ್ಲಿ ಅವಳು ಎಲೆಯಡಿಕೆ ಇಟ್ಟುಕೊಳ್ಳುತ್ತಿದ್ದಳು. ಅವಳಿಗೆ ಓದುಬರಹ ಬಾರದು, ಗಡಿಯಾರ ನೋಡಲು ಬಾರದು. ಆದರೆ ಅವಳ ಹತ್ತಿರ ಒಂದು ಅಳತೆಯಿತ್ತು. ನೋವು ಬಲವಾಗಿ ಹತ್ತಿದೊಡನೆ ದೊಡ್ಡ ಹಣತೆಗೆ ತುಂಬ ಎಣ್ಣೆ ಹಾಕಿ ಹಚ್ಚಿಡುತ್ತಿದ್ದಳು, ಹಗಲಾದರೂ ಸರಿಯೆ. ಎಣ್ಣೆ ಮುಗಿಯುವುದರೊಳಗೆ ಮಗು ಬಂದರೆ ಸರಿ. “ಎರಡನೇ ಸಲ ಎಣ್ಣೆ ಹಾಕೋ ಹೊತ್ತಿಗೆ ಗಾಡಿ ಊರು ಬಿಟ್ಟಿರಬೇಕು” ಎನ್ನುತ್ತಿದ್ದಳು. ಗಾಡಿ ಎಂದರೆ ಎತ್ತಿನ ಗಾಡಿ. ಹೋಬಳಿಯ ಆಸ್ಪತ್ರೆ ಏಳು ಮೈಲಿ. ತನ್ನ ಕೈ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅರಿಯುವುದು ತನ್ನ ಕೈಯ ಬಲವನ್ನು ಅರಿಯುವುದಕ್ಕಿಂತ ದೊಡ್ಡದು ಎಂಬುದು ಅವಳ ಬದುಕಿನಲ್ಲಿ ಮಾತಾಗಿರಲಿಲ್ಲ, ನಡತೆಯಾಗಿತ್ತು.

ಆಸ್ಪತ್ರೆಯಲ್ಲಿ ಅವಳಿಗೆ ಸಿಗುತ್ತಿದ್ದ ಮರ್ಯಾದೆ ಮಾತ್ರ ಡಾಕ್ಟರಿಂದ ಡಾಕ್ಟರಿಗೆ ಬದಲಾಗುತ್ತಿತ್ತು. ಒಬ್ಬರು ಬಾಗಿಲಲ್ಲೇ ತಡೆದು, ಕೆಡಿಸಿ ತಂದುಹಾಕುತ್ತೀಯಾ ಎಂದು ಗದರಿ ಅಂಗಳದ ಬೇವಿನ ಮರದ ಕೆಳಗೆ ಕೂರಿಸುತ್ತಿದ್ದರಂತೆ. ಅವರ ಅನಂತರ ಬಂದ ಲೇಡಿ ಡಾಕ್ಟರು, “ಬಾ ಅಜ್ಜಿ, ನೀರು ಯಾವಾಗ ಹೋಯಿತು? ಎಣ್ಣೆ ಎಷ್ಟು ಉರಿಯಿತು?” ಎಂದು ಕೇಳಿ, ಕೇಳಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರಂತೆ. ಈ ಎರಡನೆಯವರ ಕಾಲದಲ್ಲಿ ಅಜ್ಜಿ ಗಾಡಿಗಳನ್ನು ಹೆಚ್ಚು ಕಟ್ಟಿಸಿದಳು, ಬೇಗನೆ ಕಟ್ಟಿಸಿದಳು. ಇದು ನನ್ನ ತಂದೆ ಹೇಳಿದ ಸಂಗತಿ. ಮಾಪಕವಿಲ್ಲದೆಯೂ ಅಳೆಯಬಹುದಾದ ಒಂದು ಅಳತೆ ಇಲ್ಲಿದೆ ಎಂದು ಈಗ ನನಗೆ ತೋರುತ್ತದೆ.

ನಮ್ಮ ಪಾವಗಡದ ಕಡೆಯ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಓದುಗರು ಬಲ್ಲರು. ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ನಮ್ಮ ಹೆರಿಗೆಗಳೆಲ್ಲ ಆಸ್ಪತ್ರೆಗೆ ಸರಿದಾಗಿತ್ತು. ಸರಿದದ್ದು ಒಳ್ಳೆಯದೇ. ನೂರು ಸಾವಿರ ಹೆರಿಗೆಗೆ ಸಾಯುವ ತಾಯಂದಿರ ಸಂಖ್ಯೆ 2018ರಿಂದ 2020ರವರೆಗಿನ ಲೆಕ್ಕದಲ್ಲಿ ಕರ್ನಾಟಕದಲ್ಲಿ 69ಕ್ಕೆ, ಇಡೀ ದೇಶದಲ್ಲಿ 97ಕ್ಕೆ ಇಳಿಯಿತು. ಅಜ್ಜಿಯ ಕಾಲವನ್ನು ಮತ್ತೆ ಕರೆತರಬೇಕೆಂದು ಹಾಡುವವರ ಗುಂಪಿಗೆ ನಾನು ಸೇರಿದವನಲ್ಲ. ಅಜ್ಜಿಯೂ ಸೇರಿದವಳಲ್ಲ, ತನ್ನ ಮಗಳನ್ನು ಅವಳು ಹೆರಿಗೆಗೆ ಆಸ್ಪತ್ರೆಗೇ ಕಳಿಸಿದಳು.

ಅನುವಾದಕ್ಕೆ ಬಲ ಬರಲೆಂದು ಅವಳು ತಂದುಕೊಟ್ಟ ಲೇಖನಗಳನ್ನೂ ಓದತೊಡಗಿದೆ. ಅಲ್ಲಿ ಸಿಕ್ಕ ವಿಯೆನ್ನಾ ನಗರದ ಕಥೆ ನಮ್ಮ ಧಾರಾವಾಹಿಗಳನ್ನು ಮೀರಿಸುವಂಥದು. ಅಲ್ಲಿನ ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳು. 1840ರಿಂದೀಚೆಗೆ ಮೊದಲನೆಯದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಎರಡನೆಯದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ಒಂದೇ ಕಟ್ಟಡ, ಒಂದೇ ಊಟ, ಒಂದೇ ಗಾಳಿ. 1846ರಲ್ಲಿ ಸೂಲಗಿತ್ತಿಯರ ವಿಭಾಗದಲ್ಲಿ 3,754 ಹೆರಿಗೆಗಳಾಗಿ 105 ತಾಯಂದಿರು ಸತ್ತರು. ವೈದ್ಯರ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ಮಂದಿ ಸತ್ತರು. ಊರಿನ ಹೆಂಗಸರಿಗೆ ಈ ಗುಟ್ಟು ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಹಾಕಬೇಡಿರೆಂದು ಕಾಲು ಹಿಡಿದು ಬೇಡಿಕೊಳ್ಳುತ್ತಿದ್ದರು. ತಿಳಿಯದಿದ್ದವರು ವಿದ್ವಾಂಸರು ಮಾತ್ರ.

ಅಲ್ಲಿದ್ದ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಈ ಅಂತರವನ್ನು ಅಳೆಯುತ್ತ ಕುಳಿತ. ಜನಸಂದಣಿಯೇ? ಅಲ್ಲ, ಸೂಲಗಿತ್ತಿಯರ ಕಡೆಯೂ ಸಂದಣಿಯಿತ್ತು. ಮಲಗಿಸುವ ರೀತಿಯೇ? ಬದಲಿಸಿ ನೋಡಿದ, ಅಲ್ಲ. ಪಾದ್ರಿ ಗಂಟೆ ಬಾರಿಸುತ್ತ ವಾರ್ಡಿನಲ್ಲಿ ಹಾದುಹೋಗುವ ಭಯವೇ? ಅದನ್ನೂ ನಿಲ್ಲಿಸಿ ನೋಡಿದ, ಅಲ್ಲ. 1847ರಲ್ಲಿ ಅವನ ಸ್ನೇಹಿತನಾದ ಪ್ರಾಧ್ಯಾಪಕನೊಬ್ಬನು ಶವಪರೀಕ್ಷೆಯ ವೇಳೆ ಚೂರಿ ತಗುಲಿ ಅದೇ ಬಗೆಯ ಜ್ವರದಿಂದ ಸತ್ತಾಗ ಬೆಳಕು ಕಂಡಿತು. ವೈದ್ಯರು ಶವಗಳನ್ನು ಮುಟ್ಟಿದ ಕೈಯಲ್ಲೇ ಬಸುರಿಯರನ್ನು ಮುಟ್ಟುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಪಾಠವೇ ಇರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬಾಗಿಲ ಬಳಿ ಸುಣ್ಣದ ಕ್ಲೋರಿನ್ ನೀರಿನ ಬೋಗುಣಿ ಇರಿಸಿ, ಕೈ ತೊಳೆದೇ ಒಳಕ್ಕೆ ಬರತಕ್ಕದ್ದೆಂದು ಕಟ್ಟಳೆ ಮಾಡಿದ. 1848ರಲ್ಲಿ ಸಾವು ವೈದ್ಯರ ಕಡೆ ನೂರಕ್ಕೆ 1.27, ಸೂಲಗಿತ್ತಿಯರ ಕಡೆ 1.33. ಎರಡೂ ಸಮ! ಆದರೆ ನಮ್ಮ ಕೈಯಿಂದಲೇ ಸತ್ತರೆಂಬ ಮಾತನ್ನು ಹಿರಿಯರು ಅನೇಕರು ಒಪ್ಪಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ಅವನು ಸತ್ತ.

ಆ ಎರಡು ವಿಭಾಗಗಳ ನಡುವೆ ಆಗಾಗ ಓಡಾಟವಿದ್ದಿದ್ದರೆ, ಒಬ್ಬ ಸೂಲಗಿತ್ತಿ ಒಬ್ಬ ಪ್ರಾಧ್ಯಾಪಕನಿಗೆ ‘ಅಯ್ಯಾ, ನಮ್ಮಲ್ಲಿ ಇಷ್ಟು ಸಾವಿಲ್ಲವಲ್ಲ, ನಿಮ್ಮಲ್ಲೇಕೆ?’ ಎಂದು ಕೇಳಬಹುದಾಗಿದ್ದರೆ, ಎಂದು ಅಂದು ರಾತ್ರಿ ಬಹಳ ಹೊತ್ತು ಯೋಚಿಸಿದೆ. ಅಂಕಿಗಳು ಗೋಡೆಯ ಎರಡೂ ಬದಿಗಿದ್ದವು, ಗೋಡೆಯಲ್ಲಿ ಬಾಗಿಲಿರಲಿಲ್ಲ.

ಇತ್ತೀಚಿನವರು ಬಾಗಿಲನ್ನೇ ಅಳೆಯಲು ಹೊರಟಿದ್ದಾರೆ. ಕೆನಡಾದಲ್ಲಿರುವ ಸರಸ್ವತಿ ವೇದಂ ಎಂಬ ಪ್ರಾಧ್ಯಾಪಿಕೆಯೂ ಅವರ ಸಂಗಡಿಗರೂ ಅಮೆರಿಕದ ಒಂದೊಂದು ರಾಜ್ಯದಲ್ಲಿಯೂ ಸೂಲಗಿತ್ತಿಯರನ್ನು ಆರೋಗ್ಯ ವ್ಯವಸ್ಥೆ ಎಷ್ಟು ಒಳಗೆ ಬಿಟ್ಟುಕೊಂಡಿದೆ ಎಂದು ನೂರಕ್ಕೆ ಅಂಕ ಹಾಕಿ 2018ರಲ್ಲಿ ಪ್ರಕಟಿಸಿದರು. ಕಾನೂನು ಏನು ಹೇಳುತ್ತದೆ, ಔಷಧಿ ಬರೆಯುವ ಅಧಿಕಾರವಿದೆಯೇ, ಕಷ್ಟ ಬಂದಾಗ ಆಸ್ಪತ್ರೆಗೆ ಕಳುಹಿಸುವ ದಾರಿ ತೆರೆದಿದೆಯೇ ಎಂಬಂಥ ಐವತ್ತು ಅಂಶಗಳು. ನಾನು ಉತ್ತರಪತ್ರಿಕೆ ತಿದ್ದುವ ಕಣ್ಣಿನಿಂದಲೇ ಆ ಪಟ್ಟಿಯನ್ನು ನೋಡಿದೆ. ಎಲ್ಲಕ್ಕಿಂತ ಮೇಲೆ ವಾಷಿಂಗ್ಟನ್ ರಾಜ್ಯ, 61 ಅಂಕ; ನಮ್ಮ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಪ್ರಥಮ ದರ್ಜೆ, ಅದೂ ಒಂದೇ ಅಂಕದಿಂದ. ತಳದಲ್ಲಿ ನಾರ್ತ್ ಕ್ಯಾರೊಲೈನ, 17 ಅಂಕ. ಗ್ರೇಸ್ ಮಾರ್ಕು ಕೊಟ್ಟರೂ ಏಳದು. ಅಂಕ ಹೆಚ್ಚಿದ್ದ ಕಡೆ ಸಹಜ ಹೆರಿಗೆ ಹೆಚ್ಚು, ಶಸ್ತ್ರಚಿಕಿತ್ಸೆ ಕಡಿಮೆ, ನವಜಾತ ಶಿಶುಗಳ ಸಾವೂ ಕಡಿಮೆ ಎಂದು ಕಂಡಿತು. ಒಂದರಿಂದಲೇ ಇನ್ನೊಂದಾಯಿತೆಂದು ಅದರಿಂದ ಹೇಳಲಾಗದು, ಅವರೂ ಹೇಳಿಲ್ಲ. ನಮ್ಮ ದೇಶದಲ್ಲಿ ನೂರು ಹೆರಿಗೆಗೆ ಶಸ್ತ್ರಚಿಕಿತ್ಸೆಯ ಪ್ರಮಾಣ 2015-16ರ ಸಮೀಕ್ಷೆಯಲ್ಲಿ 17.2 ಇದ್ದದ್ದು 2019-21ರಲ್ಲಿ 21.5 ಆಯಿತು, ಖಾಸಗಿ ಆಸ್ಪತ್ರೆಗಳಲ್ಲಿ 47.4. ಈ ಸಂಖ್ಯೆಯ ಬಗ್ಗೆ ಮನೆಮನೆಯಲ್ಲಿ ಮಾತಾಡುವವರು ಇದ್ದಾರೆ. ಅದು ಬೇಕಾಗಿದ್ದಾಗ ಸಿಗದೆ ಹೋದವನ ಮಾತು ಬೇರೆಯೇ ಇರುತ್ತದೆ.

ಹತ್ತು ವಾಕ್ಯಗಳಾದವು. ಹನ್ನೊಂದನೆಯದರಲ್ಲಿ ನಿಂತೆ.

‘ಅಗತ್ಯವೆನಿಸಿದಾಗ ವೈದ್ಯರನ್ನು ಮತ್ತೊಮ್ಮೆ ಕರೆಯಲು ನಾನು ಹಿಂಜರಿಯುವುದಿಲ್ಲ.’

ಇಷ್ಟೇ ವಾಕ್ಯ. ಇದರಲ್ಲಿ ಅನುವಾದಕ್ಕೆ ಕಷ್ಟವಾದ ಪದ ಒಂದೂ ಇಲ್ಲ. ಆದರೂ ಎರಡು ತಿಂಗಳು ಹೋದದ್ದು ಇದರಲ್ಲಿಯೇ.

2019ರ ಆಷಾಢದಲ್ಲಿ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಿನಲ್ಲಿದ್ದಳು. ಮಾವನವರ ಊರಿನಲ್ಲಿ ಒಂದು ನರ್ಸಿಂಗ್ ಹೋಮ್. ಅದರ ಡಾಕ್ಟರು ಊರಿಗೆಲ್ಲ ಬೇಕಾದವರು, ಮಾವನವರಿಗೆ ಸ್ನೇಹಿತರು. ಸಂಜೆ ಸೇರಿಸಿದೆವು. ಅಂದು ಹಗಲು ಎರಡು ಶಸ್ತ್ರಚಿಕಿತ್ಸೆ ಮುಗಿಸಿ ದಣಿದಿದ್ದ ಡಾಕ್ಟರು ಹತ್ತು ಗಂಟೆಗೆ ನೋಡಿ, ಬೆಳಗಿನ ಜಾವಕ್ಕೆ ಆಗುತ್ತದೆ, ಎಲ್ಲ ಸರಿಯಾಗಿದೆ ಎಂದು ಹೇಳಿ ಮನೆಗೆ ಹೋದರು. ಅತ್ತೆ ಒಳಗೆ; ನಾನು ಹೊರಗಿನ ಬೆಂಚಿನ ಮೇಲೆ. ರಾತ್ರಿಯ ಪಾಳಿಗೆ ಒಬ್ಬರು ಹಿರಿಯ ಸಿಸ್ಟರು. ಕೂದಲು ನರೆತವರು, ಮಾತು ಕಡಿಮೆ.

ಒಂದೂವರೆಯ ಹೊತ್ತಿಗೆ ಅವರು ಮೇಜಿನ ಬಳಿ ಬಂದು ಫೋನ್ ಮಾಡಿದರು. ನೀರು ಹಸಿರಾಗಿ ಹೋಗಿದೆ, ಮಗುವಿನ ಎದೆಬಡಿತ ಆಗಾಗ ತಗ್ಗುತ್ತಿದೆ ಎಂದರು. ಆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು: ಎಡಮಗ್ಗುಲಿಗೆ ಮಲಗಿಸಿ, ಆಕ್ಸಿಜನ್ ಕೊಡಿ, ಸರಿಹೋಗುತ್ತೆ, ನಾನು ಬೆಳಿಗ್ಗೆ ಬರ್ತೇನೆ. ಸಿಸ್ಟರು ‘ಸರಿ ಸಾರ್’ ಎಂದು ಒಳಗೆ ಹೋದರು.

ಎರಡೂಮುಕ್ಕಾಲಿಗೆ ಮತ್ತೆ ಬಂದರು. ಫೋನನ್ನು ಕೈಗೆತ್ತಿಕೊಂಡು ನಿಂತರು. ಮತ್ತೆ ಇಟ್ಟರು. ಗೋಡೆಯ ಗಡಿಯಾರ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

“ಸಾರ್, ನಾನು ಒಂದು ಸಲ ಹೇಳಿಯಾಗಿದೆ. ಬಡಿತ ಸರಿಹೋಗ್ತಾ ಇಲ್ಲ. ನೀವೇ ಒಂದು ಫೋನ್ ಮಾಡಿ. ಮನೆಯವರು ಕರೆದರೆ ಬರ್ತಾರೆ.”

ನಾನು ಏನು ಹೇಳಿದೆ? ಆರು ವರ್ಷಗಳಲ್ಲಿ ಆ ಮಾತನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ, ಅದು ಸವೆದುಹೋಗಬೇಕಾಗಿತ್ತು, ಸವೆದಿಲ್ಲ. “ಅವರಿಗೆ ಗೊತ್ತಿರೋದಿಲ್ಲವೇ ಸಿಸ್ಟರ್? ದೊಡ್ಡವರು. ಅಷ್ಟು ಹೊತ್ತಿನಲ್ಲಿ ಎಬ್ಬಿಸಿದರೆ ಏನಂದುಕೊಳ್ತಾರೋ.” ಅಳಿಯನಾಗಿ ಆ ಊರಿಗೆ ಹೋದವನು ನಾನು, ಮಾವನವರ ಸ್ನೇಹಿತರನ್ನು ಮಧ್ಯರಾತ್ರಿ ಎಬ್ಬಿಸುವುದು ಅಮರ್ಯಾದೆ ಎಂದು ತೋರಿತು. ವಿದ್ಯಾವಂತನಾದ ನಾನು ದಾದಿಯೊಬ್ಬಳ ಮಾತು ಕಟ್ಟಿಕೊಂಡು ವೈದ್ಯರಿಗೆ ಬುದ್ಧಿ ಹೇಳಿದಂತಾಗುತ್ತದೆ ಎಂದೂ ತೋರಿತು. ಈ ಎರಡನೆಯದನ್ನು ಬರೆಯುವುದಕ್ಕೆ ನನಗೆ ಕೈ ಬರುತ್ತಿರಲಿಲ್ಲ. ಈಗ ಬರೆದಿದ್ದೇನೆ. ಸೂಲಗಿತ್ತಿಯ ಮೊಮ್ಮಗ ನಾನು.

ನಾಲ್ಕು ಗಂಟೆಗೆ ಸಿಸ್ಟರು ತಾವೇ ಕರೆದರು. ಹದಿನೈದು ನಿಮಿಷದಲ್ಲಿ ಡಾಕ್ಟರು ಉಟ್ಟ ಬಟ್ಟೆಯಲ್ಲೇ ಬಂದರು. ಓಡುತ್ತ ಮೆಟ್ಟಿಲು ಹತ್ತಿದರು. ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು. ಅಳಲಿಲ್ಲ. ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಒಯ್ದೆವು. ಎರಡು ದಿನ ಇತ್ತು.

ಎರಡೂಮುಕ್ಕಾಲಿಗೆ ಕರೆದಿದ್ದರೆ ಉಳಿಯುತ್ತಿತ್ತೇ? ಜಿಲ್ಲಾ ಕೇಂದ್ರದ ಮಕ್ಕಳ ವೈದ್ಯರನ್ನು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಅದು ನಿಜವಾದ ಉತ್ತರವೋ ಕರುಣೆಯ ಉತ್ತರವೋ ತಿಳಿಯಲಿಲ್ಲ. ಡಾಕ್ಟರನ್ನು ನಾನು ದೂಷಿಸಲಿಲ್ಲ. ದೂಷಿಸುವ ಬಾಯಿ ನನಗಿರಲಿಲ್ಲ. ನರ್ಸಿಂಗ್ ಹೋಮಿನ ಲೆಕ್ಕ ತೀರಿಸಲು ಹೋದಾಗ ಆ ಸಿಸ್ಟರು ಸಿಕ್ಕಿದರು. ಹಿಂದಿನ ತಿಂಗಳು ಹೀಗೆಯೇ ಒಂದು ರಾತ್ರಿ ಡಾಕ್ಟರನ್ನು ಎರಡು ಸಲ ಕರೆದರಂತೆ. ಅವರು ಬರುವುದರೊಳಗೆ ಹೆರಿಗೆ ಸುಖವಾಗಿ ಆಗಿಹೋಗಿತ್ತಂತೆ. ಎಲ್ಲರೆದುರಿಗೆ ‘ಇಷ್ಟು ವರ್ಷ ಏನು ಕಲಿತಿರಿ?’ ಎಂದು ಕೇಳಿದರಂತೆ. ಆಕೆ ಇದನ್ನು ದೂರಾಗಿ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದರು.

ನನ್ನನ್ನು ಸಿಸ್ಟರು ಕೇಳಿದ್ದು, ನಾನು ಕರೆಯದೆ ಕುಳಿತದ್ದು, ಇದನ್ನು ನನ್ನ ಹೆಂಡತಿಗೆ ನಾನು ಹೇಳಿರಲಿಲ್ಲ.

2022ರಲ್ಲಿ ನಮಗೆ ಮಗ ಹುಟ್ಟಿದ. ಈ ಸಲ ಜಿಲ್ಲಾ ಕೇಂದ್ರದ ಸರಕಾರಿ ಆಸ್ಪತ್ರೆ, ಅವಳದೇ ಹಟ. ಅಲ್ಲಿ ಮಂಚದ ಬಳಿ ಒಂದು ಹಲಗೆಗೆ ಸಿಕ್ಕಿಸಿದ ಹಾಳೆಯಿತ್ತು. ಚೌಕಳಿ ಹಾಳೆಯ ಮೇಲೆ ಓರೆಯಾಗಿ ಎರಡು ಗೆರೆ. ಸಿಸ್ಟರು ಹೊತ್ತುಹೊತ್ತಿಗೆ ಬಂದು ನೋಡಿ ಅದರ ಮೇಲೆ ಗುರುತು ಹಾಕಿ ಹೋಗುತ್ತಿದ್ದರು. ಇದರ ಚರಿತ್ರೆಯನ್ನು ನಾನು ತಿಳಿದದ್ದು ಈಗ, ಈ ಲೇಖನಗಳಿಂದ. 1972ರಲ್ಲಿ, ಇಂದಿನ ಜಿಂಬಾಬ್ವೆ ಆಗ ರೊಡೇಷಿಯ ಆಗಿದ್ದಾಗ, ಫಿಲ್ಪಾಟ್ ಮತ್ತು ಕಾಸಲ್ ಎಂಬ ಇಬ್ಬರು ವೈದ್ಯರು ಈ ಗೆರೆಗಳನ್ನು ಎಳೆದರು. ಅಲ್ಲಿ ಹೆರಿಗೆಗಳನ್ನು ಮಾಡಿಸುತ್ತಿದ್ದವರು ದೂರದೂರದ ಸಣ್ಣ ಕೇಂದ್ರಗಳ ಸೂಲಗಿತ್ತಿಯರು. ವೈದ್ಯರು ಇದ್ದದ್ದು ಪಟ್ಟಣದಲ್ಲಿ. ಗರ್ಭದ ಬಾಯಿ ಗಂಟೆಗೆ ಒಂದು ಸೆಂಟಿಮೀಟರಿನಂತೆ ತೆರೆಯದೆ ಹಿಂದೆ ಬಿದ್ದರೆ ಗುರುತು ಮೊದಲ ಗೆರೆಯನ್ನು ದಾಟುತ್ತದೆ. ಅದು ಎಚ್ಚರದ ಗೆರೆ, ಪಟ್ಟಣಕ್ಕೆ ಕಳುಹಿಸು ಎಂದು ಅರ್ಥ. ಅದಕ್ಕೆ ನಾಲ್ಕು ಗಂಟೆಯ ಬಲಕ್ಕೆ ಎರಡನೆಯ ಗೆರೆ. ಅಷ್ಟು ಹೊತ್ತಿಗೆ ವೈದ್ಯ ಏನಾದರೂ ಮಾಡಲೇಬೇಕು.

ಅಜ್ಜಿಯ ಹಣತೆ! ಓದಿದಾಗ ಎದೆ ಧಸಕ್ಕೆಂದಿತು.

ವಿಶ್ವ ಆರೋಗ್ಯ ಸಂಸ್ಥೆ ಇಂಡೋನೇಷ್ಯ, ಥಾಯ್ಲೆಂಡ್, ಮಲೇಷ್ಯಗಳಲ್ಲಿ 35,484 ಹೆರಿಗೆಗಳಲ್ಲಿ ಈ ಹಾಳೆಯನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅತಿ ದೀರ್ಘವಾದ ಹೆರಿಗೆಗಳು ನೂರಕ್ಕೆ 6.4ರಿಂದ 3.4ಕ್ಕೆ ಇಳಿದವು, ಹೆರಿಗೆಯ ವೇಳೆಯಲ್ಲಿ ಒಳಗೇ ಸಾಯುವ ಶಿಶುಗಳು 0.5ರಿಂದ 0.3ಕ್ಕೆ. ಮುಂದಿನ ಪರಿಶೀಲನೆಗಳಲ್ಲಿ ಹಾಳೆಯೊಂದರಿಂದಲೇ ಇಷ್ಟು ಲಾಭವೆಂಬುದು ಅಷ್ಟು ನಿಚ್ಚಳವಾಗಿ ಕಾಣಲಿಲ್ಲ. ಎಲ್ಲ ಹೆಂಗಸರಿಗೂ ಗಂಟೆಗೊಂದು ಸೆಂಟಿಮೀಟರಿನ ನಿಯಮ ಹೊಂದದೆಂದು 2018ರಲ್ಲಿ ಆ ಸಂಸ್ಥೆಯೇ ಹೇಳಿ, 2020ರಲ್ಲಿ ಬೇರೆಯ ನಮೂನೆಯನ್ನು ಹೊರತಂದಿತು. ವಿದ್ವಾಂಸರ ಚರ್ಚೆ ಅವರಿಗಿರಲಿ. ನಾನು ಕಂಡದ್ದು ಇಷ್ಟು: ಅಂದು ಸಂಜೆ ಆರೂಕಾಲಿಗೆ ಸಿಸ್ಟರು, ಇಪ್ಪತ್ತೈದು ದಾಟದ ಹುಡುಗಿ, ಫೋನೆತ್ತಿ “ಮೇಡಂ, ಗೆರೆ ದಾಟಿದೆ” ಎಂದಳು. ಅಷ್ಟೇ. ‘ನನಗೆ ಹಾಗನ್ನಿಸುತ್ತದೆ’ ಎನ್ನಲಿಲ್ಲ, ‘ತೊಂದರೆಗೆ ಕ್ಷಮಿಸಿ’ ಎನ್ನಲಿಲ್ಲ. ಡಾಕ್ಟರಮ್ಮ ಬಂದರು, ಹಾಳೆ ನೋಡಿದರು, ಅವಳನ್ನು ಎರಡು ಪ್ರಶ್ನೆ ಕೇಳಿದರು, ಒಂದು ಗಂಟೆ ಜೊತೆಗೇ ನಿಂತರು. ಕತ್ತರಿ ಬೇಕಾಗಲಿಲ್ಲ. ಗೆರೆಯನ್ನು ದಾಟಿದ್ದು ಹುಡುಗಿಯಲ್ಲ, ಗುರುತು. ಹಾಗಾಗಿ ಯಾರಿಗೂ ಧೈರ್ಯ ಬೇಕಾಗಲಿಲ್ಲ.

ಕಳೆದ ತಿಂಗಳು ಅನುವಾದ ಒಂದು ರೂಪಕ್ಕೆ ಬಂತು. ಬರೆದದ್ದು ಕಿವಿಗೆ ಸಹಜವಾಗಿದೆಯೇ ಎಂದು ತಿಳಿಯಲು ನಾನು ಹೆಂಡತಿಗೆ ಓದಿ ಹೇಳುವ ರೂಢಿ. ಹುಡುಗ ಮಲಗಿದ್ದ. ಅವಳು ಹುರುಳಿಕಾಯಿ ಸೋಸುತ್ತ ಕೇಳುತ್ತಿದ್ದಳು. ಓದಿ ಮುಗಿಸಿದೆ.

“ಇಪ್ಪತ್ತನಾಲ್ಕು ಅಂದಿರಿ. ಇಪ್ಪತ್ತಮೂರೇ ಓದಿದಿರಿ” ಎಂದಳು. “ಹತ್ತಾದ ಮೇಲೆ ಹನ್ನೆರಡಕ್ಕೆ ಹೋದಿರಿ.”

ಓದಿದೆ. ಅವಳು ಕಾಯಿ ಸೋಸುವುದನ್ನು ನಿಲ್ಲಿಸಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಎಲ್ಲಿಂದ ಆರಂಭಿಸುವುದು ತಿಳಿಯಲಿಲ್ಲ.

“ನನಗೆ ಗೊತ್ತು” ಎಂದಳು. “ಆ ಕೋಣೆಗೆ ಬಾಗಿಲಿರಲಿಲ್ಲ, ಪರದೆ ಮಾತ್ರ ಇತ್ತು. ಸಿಸ್ಟರು ನಿಮ್ಮನ್ನ ಕೇಳಿದ್ದೂ ಕೇಳಿಸಿತು, ನೀವು ಅಂದದ್ದೂ ಕೇಳಿಸಿತು.”

ನಾನು ಸುಮ್ಮನಿದ್ದೆ.

“ನಾನೂ ಕೂಗಲಿಲ್ಲವಲ್ಲ” ಎಂದಳು, ಬಹಳ ಹೊತ್ತಿನ ಮೇಲೆ. “ಅಮ್ಮ ಪಕ್ಕದಲ್ಲೇ ಇದ್ದಳು. ಡಾಕ್ಟರಿಗೆ ಗೊತ್ತಿರುತ್ತೆ ಅಂತ ನಾನೂ ಅಂದುಕೊಂಡೆ.”

ಹುರುಳಿಕಾಯಿಯ ನಾರನ್ನೆಲ್ಲ ಮೊರದ ಒಂದು ಬದಿಗೆ ಸರಿಸಿ, ಹಾಳೆಯನ್ನು ಕೈಗೆ ತೆಗೆದುಕೊಂಡು ಮತ್ತೆ ಓದಿದಳು. “ಈ ವಾಕ್ಯ ಸರಿಯಾಗಿಲ್ಲರೀ. ‘ಹಿಂಜರಿಯುವುದಿಲ್ಲ’ ಅಂದರೆ ಯಾರು ತಾನೇ ನಿಜ ಹೇಳ್ತಾರೆ? ಹಿಂಜರಿಯದೇ ಇರೋರು ಯಾರಿದ್ದಾರೆ? ‘ಹಿಂಜರಿಕೆಯಾದರೂ ಕರೆಯುತ್ತೇನೆ’ ಅಂತ ಬರೀರಿ. ಅದಲ್ಲದೆ, ಇದರಲ್ಲಿ ದಾದಿಯರನ್ನ ಕೇಳ್ತಾರೆ, ಡಾಕ್ಟರನ್ನ ಕೇಳ್ತಾರೆ. ಮಂಚದ ಮೇಲಿದ್ದವಳನ್ನ ಒಂದು ಮಾತೂ ಕೇಳೋದಿಲ್ಲವಲ್ಲ?”

ಮರುದಿನ ವಿದ್ಯಾರ್ಥಿನಿಗೆ ಫೋನ್ ಮಾಡಿ ಎರಡನ್ನೂ ತಿಳಿಸಿದೆ; ಯಾರ ಮಾತೆಂಬುದನ್ನು ಹೇಳಿದೆ, ಏಕೆಂಬುದನ್ನು ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಯೋಚಿಸಿ, ತಾಯಂದಿರನ್ನು ಕೇಳುವ ಮಾಪಕಗಳೂ ಇವೆ, ವೇದಂ ಅವರದೇ ಒಂದಿದೆ, ಅದನ್ನು ಮುಂದೆ ಸೇರಿಸಿಕೊಳ್ಳುತ್ತೇನೆ ಎಂದಳು. ಹನ್ನೊಂದನೆಯ ವಾಕ್ಯಕ್ಕೆ ಮಾತ್ರ ತಕರಾರು ತೆಗೆದಳು. “ಒಂದು ವಾಕ್ಯದಲ್ಲಿ ಎರಡು ಸಂಗತಿ ಬರಬಾರದು ಸಾರ್. ಒಪ್ಪುತ್ತೇನೆ ಅಂತ ಗುರುತು ಹಾಕಿದರೆ ಹಿಂಜರಿಕೆಗೆ ಹಾಕಿದರೋ ಕರೆಯೋದಕ್ಕೆ ಹಾಕಿದರೋ ಗೊತ್ತಾಗೋದಿಲ್ಲ. ಎರಡಾಗಿ ಒಡೆಯೋಣ.”

ಹಾಗೆ ಒಡೆದೆವು. ‘ವೈದ್ಯರನ್ನು ಎರಡನೆಯ ಸಲ ಕರೆಯಲು ನನಗೆ ಹಿಂಜರಿಕೆಯಾಗುತ್ತದೆ’ ಎಂಬುದು ಹನ್ನೊಂದು. ‘ಅಗತ್ಯವೆನಿಸಿದಾಗ ಎರಡನೆಯ ಸಲವೂ ಕರೆಯುತ್ತೇನೆ’ ಎಂಬುದು ಹನ್ನೆರಡು. ವೈದ್ಯರಿಗೆ ಕೊಡುವ ಹಾಳೆಯಲ್ಲಿ ಅದೇ ಜಾಗದಲ್ಲಿ ‘ಎರಡನೆಯ ಸಲ ಕರೆದರೆ ನನಗೆ ಬೇಸರವಾಗುತ್ತದೆ’ ಎಂಬ ವಾಕ್ಯವನ್ನು ಅವಳೇ ಸೇರಿಸಿದಳು. ಒಟ್ಟು ಇಪ್ಪತ್ತೈದಾದವು. ಅಚ್ಚಿನ ಕರಡು ಮೊನ್ನೆ ಬಂದಿತ್ತು. ‘ಹಿಂಜರಿಕೆ’ ಎಂಬುದು ‘ಹಂಜರಿಕೆ’ ಎಂದಾಗಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೆಂಡತಿಯೇ ಕೆಂಪು ಪೆನ್ಸಿಲಿನಿಂದ ತಿದ್ದಿ ಹಿಂದಕ್ಕೆ ಕಳುಹಿಸಿದಳು.